ಅರ್ಧ ತಾಸಿಗೆ 500 ರೂಪಾಯಿ: ಬಾಗಲಕೋಟೆ ನವನಗರದ ವಕೀಲ ಮೇಡಂ ಬಗ್ಗೆ

ಹೆಸರು ಕೇಳಬೇಡಿ, ಹೇಳುವುದಿಲ್ಲ. ವಕೀಲರು ಜಾಹೀರಾತು ಮಾಡುವಂತಿಲ್ಲ ಎಂದು ಬಾರ್ ಕೌನ್ಸಿಲ್ ನಿಯಮವೇ ಇದೆ. ನಾನು ಹೀಗೆ ಬರೆಯುತ್ತೇನೆ ಅಂದಾಗ ಅವರು ಅಂದದ್ದು ಇಷ್ಟೇ: "ಬರೀರಿ, ಬ್ಯಾಡ ಅನ್ನಂಗಿಲ್ಲ. ಹೆಸರು, ನಂಬರ್, ಮನಿ ಗುರುತು ಯಾವುದೂ ಹಾಕಬ್ಯಾಡ್ರಿ." ಹೆಸರಿಲ್ಲದೆ ರಿವ್ಯೂ ಬರೆದು ಏನು ಉಪಯೋಗ ಅಂತ ನೀವು ಕೇಳಬಹುದು. ನನಗೂ ಮೊದಲು ಹಾಗೇ ಅನಿಸಿತು. ಆದರೆ ನಾಲ್ಕು ಕೆಲಸಕ್ಕೆ ಅಲ್ಲಿಗೆ ಹೋಗಿ ಬಂದ ಮೇಲೆ, ಐನೂರು ರೂಪಾಯಿ ಕೊಟ್ಟು ವಕೀಲರ ಮುಂದೆ ಕುಳಿತರೆ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಅನ್ನೋದು ಚೆನ್ನಾಗಿ ಗೊತ್ತಾಯಿತು. ನಿಮ್ಮ ಊರಲ್ಲಿ ಇಂಥವರನ್ನು ಹುಡುಕುವಾಗ ಬೇಕಾಗಬಹುದು ಅಂತ ಬರೆಯುತ್ತಿದ್ದೇನೆ.

ನನ್ನದು ಹಳೇ ಬಾಗಲಕೋಟೆಯಲ್ಲಿ ಸಣ್ಣ ಹಾರ್ಡ್‌ವೇರ್ ಅಂಗಡಿ. ಸಿಮೆಂಟ್, ರಾಡು, ಪೈಪು, ಬಣ್ಣ. ಉದ್ರಿ ಇಲ್ಲದೆ ಈ ಧಂದೆ ನಡೆಯುವುದಿಲ್ಲ. ಕೋರ್ಟು ಅಂದರೆ ನಮ್ಮ ಮನೆಯಲ್ಲಿ ಎಲ್ಲರಿಗೂ ಅಂಜಿಕೆ. ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ ಅನ್ನೋ ಗಾದೆಯನ್ನು ಅಪ್ಪ ವಾರಕ್ಕೊಮ್ಮೆಯಾದರೂ ಹೇಳುತ್ತಿದ್ದರು. ಮಾತು ಸುಳ್ಳಲ್ಲ. ಆದರೆ ಅದನ್ನು ಕೇಳಿ ಕೇಳಿ ನಾವು ಕೇಸ್ ಹಾಕುವುದು ಅತ್ಲಾಗಿರಲಿ, ವಕೀಲರನ್ನು ಒಂದು ಮಾತು ಕೇಳುವುದಕ್ಕೂ ಹೋಗುತ್ತಿರಲಿಲ್ಲ. ಹಲ್ಲು ನೋವು ಬಂದಾಗ ಲವಂಗ ಇಟ್ಟುಕೊಂಡು ಕೂರುತ್ತೇವಲ್ಲ, ಹಾಗೆ.

ಕಚೇರಿ ಇರುವುದು ನವನಗರದ ಒಂದು ಸೆಕ್ಟರಿನಲ್ಲಿ, ಮನೆಯ ಮೇಲಿನ ಮಹಡಿ. ಹದಿನೆಂಟು ಮೆಟ್ಟಿಲು, ಹಿಡಿದುಕೊಳ್ಳಲು ಕಂಬಿ ಇಲ್ಲ. ಹೊರಗೆ ಆರು ಪ್ಲಾಸ್ಟಿಕ್ ಕುರ್ಚಿ, ಗೋಡೆಗೆ ಬಸವಣ್ಣನ ಫೋಟೊ, ಅಂಬೇಡ್ಕರ್ ಫೋಟೊ, ಪಕ್ಕದಲ್ಲಿ ಕೋರ್ಟಿನ ರಜೆಗಳಿಗೆ ಕೆಂಪು ಗುರುತು ಹಾಕಿದ ಕ್ಯಾಲೆಂಡರ್. ಒಳಗೆ ಮೇಜಿನ ಮೇಲೆ ಅಡುಗೆಮನೆಯಲ್ಲಿ ಮೊಟ್ಟೆ ಬೇಯಿಸುವಾಗ ಇಡುತ್ತಾರಲ್ಲ, ಅಂಥ ಟೈಮರ್. ನೀವು ಕುಳಿತ ಕೂಡಲೇ ಅದನ್ನು ತಿರುಗಿಸಿ ಮೂವತ್ತಕ್ಕೆ ಇಡುತ್ತಾರೆ. ಮೊದಲ ಸಲ ನನಗೆ ಸಿಟ್ಟೇ ಬಂದಿತ್ತು, ಏನು ಮೊಟ್ಟೆ ಬೇಯಿಸ್ತಾರಾ ನಮ್ಮನ್ನ ಅಂತ.

ಅದಕ್ಕೂ ಮೊದಲು ಹೊರಗೆ ಒಂದು ಪರೀಕ್ಷೆ ಇದೆ. ಜೂನಿಯರ್ ಹುಡುಗ ಒಂದು ಖಾಲಿ ಹಾಳೆ ಕೊಡುತ್ತಾನೆ. ನಡುವೆ ಒಂದು ಗೆರೆ. ಎಡಕ್ಕೆ ತಾರೀಖು, ಬಲಕ್ಕೆ ಏನಾಯ್ತು, ಅದಕ್ಕೆ ಯಾವ ಕಾಗದ ಇದೆ. ನಾನು ಒಂದೂವರೆ ಪುಟ ಬರೆದೆ. ನನಗೆ ಬಾಕಿ ಉಳಿಸಿಕೊಂಡ ಗುತ್ತಿಗೆದಾರ ಎಷ್ಟು ನಂಬಿಕೆ ಹುಟ್ಟಿಸಿದ, ಅವನ ಮಗಳ ಮದುವೆಗೆ ನಾನು ಏನು ಮುಯ್ಯಿ ಮಾಡಿದೆ, ಈಗ ಫೋನ್ ಹೇಗೆ ಎತ್ತುವುದಿಲ್ಲ, ಎಲ್ಲ. ಹುಡುಗ ಓದಿ ಇನ್ನೊಂದು ಹಾಳೆ ಕೊಟ್ಟ. "ಅಣ್ಣಾರ, ಕಥಿ ಮೇಡಂ ಮುಂದ ಹೇಳ್ರಿ. ಇದ್ರಾಗ ತಾರೀಖು ಅಷ್ಟ ಬರೀರಿ." ಎರಡನೇ ಸಲ ಏಳು ಸಾಲಿಗೆ ಬಂತು. ತಾರೀಖು ಅಂದರೆ ಕೋರ್ಟು ಕೊಡೋದು ಅಂತ ನಾನು ತಿಳಿದಿದ್ದೆ. ನನ್ನ ಕೈಯಲ್ಲೂ ತಾರೀಖುಗಳಿವೆ, ಅವು ದಿನದಿನಕ್ಕೂ ಹಳಸುತ್ತಿವೆ ಅನ್ನೋದು ಆ ಹಾಳೆ ನೋಡಿದಾಗಲೇ ಹೊಳೆದದ್ದು.

ವಿಷಯ ಹೀಗಿತ್ತು. ವಿಜಯಪುರದ ಒಬ್ಬ ಮನೆ ಕಟ್ಟುವ ಗುತ್ತಿಗೆದಾರ 1,80,000 ರೂಪಾಯಿ ಬಾಕಿಗೆ ಚೆಕ್ ಕೊಟ್ಟಿದ್ದ. ಚೆಕ್ಕಿನ ಮೇಲಿನ ತಾರೀಖು 4 ಜೂನ್ 2024, ಲೋಕಸಭೆ ಮತ ಎಣಿಕೆಯ ದಿನ, ಅದಕ್ಕೇ ನೆನಪಿದೆ. ಜೂನ್ 11ಕ್ಕೆ ಹಣ ಸಾಲದು ಅಂತ ಬ್ಯಾಂಕಿನಿಂದ ಮೆಮೊ ಸಮೇತ ವಾಪಸ್ ಬಂತು. ನಾನು ಎರಡನ್ನೂ ಗಲ್ಲಾಪೆಟ್ಟಿಗೆಯ ಕೆಳಗಿಟ್ಟು, ಅವನು ಹೇಳಿದ "ನಾಳೆ, ನಾಡಿದ್ದು" ಕೇಳುತ್ತಾ ಕುಳಿತೆ. ಮೇಡಂ ಹತ್ತಿರ ಹೋದದ್ದು ಜುಲೈ 21, ಭಾನುವಾರ.

ಹಾಳೆ ನೋಡಿ ಅವರು ಪೆನ್ನಿನಿಂದ ಒಂದೇ ಸಾಲಿಗೆ ಗುರುತು ಹಾಕಿದರು. "ಜೂನ್ 11ರಿಂದ 30 ದಿನದಾಗ ನೋಟಿಸ್ ಹೋಗಬೇಕಿತ್ತು. ಹತ್ತು ದಿನ ತಡ ಆತು." ನನ್ನ ಎದೆ ಧಸಕ್ಕೆಂದಿತು. ಹಣ ಹೋಯ್ತು ಅಂದುಕೊಂಡೆ. ಅವರು ಮಾತ್ರ ಗಡಿಬಿಡಿ ಮಾಡಲಿಲ್ಲ. ಚೆಕ್ ತೆಗೆದುಕೊಂಡು ಬೆಳಕಿಗೆ ಹಿಡಿದು ನೋಡಿದರು, ಆಮೇಲೆ ಬೆರಳು ಮಡಚಿ ಎಣಿಸಿದರು. ಚೆಕ್ ಅದರ ಮೇಲಿನ ತಾರೀಖಿನಿಂದ 3 ತಿಂಗಳು ನಡೆಯುತ್ತದೆ. ಅಂದರೆ ಸೆಪ್ಟೆಂಬರ್ ಮೊದಲ ವಾರದವರೆಗೂ ಜೀವ ಇದೆ. "ನಾಳೆ ಇದನ್ನ ಮತ್ತ ಬ್ಯಾಂಕಿಗೆ ಹಾಕ್ರಿ. ಮತ್ತ ಬೌನ್ಸ್ ಆದ್ರ 30 ದಿನ ಹೊಸದಾಗಿ ಶುರು." ಒಂದು ಸಲ ಅವಧಿ ತಪ್ಪಿದರೂ, ಚೆಕ್ಕಿನ ಮುದ್ದತು ಇರುವವರೆಗೆ ಮತ್ತೆ ಹಾಕಿ, ಆ ಎರಡನೇ ಬೌನ್ಸ್ ಮೇಲೆ ಕೇಸ್ ಮಾಡಬಹುದು ಎಂದು ಸುಪ್ರೀಂ ಕೋರ್ಟ್ 2012ರಲ್ಲೇ ಹೇಳಿದೆಯಂತೆ. ಇದೊಂದು ಮಾತಿಗೆ ಐನೂರು ಕೊಟ್ಟರೂ ಕಡಿಮೆ ಅಂತ ನನಗೆ ಅಲ್ಲೇ ಅನಿಸಿತು. ನಾನು ಆ ಚೆಕ್ ಹರಿದು ಹಾಕುವುದೊಂದು ಬಾಕಿ ಇತ್ತು.

ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆ: "ಚೆಕ್ ಕೊಟ್ಟ ಮ್ಯಾಲೆ ನಡುವೆ ಸ್ವಲ್ಪ ರೊಕ್ಕ ಏನರೆ ಕೊಟ್ಟಾರೇನು?" ಇಲ್ಲ ಅಂದೆ. ಕೊಟ್ಟಿದ್ದರೆ ಪೂರ್ತಿ ಮೊತ್ತದ ಚೆಕ್ ಹಾಗೇ ಹಾಕಬಾರದು, ಬಂದ ಹಣವನ್ನು ಚೆಕ್ಕಿನ ಮೇಲೆ ನಮೂದಿಸದೆ ಹಾಕಿದರೆ ಕೇಸ್ ಬೀಳುತ್ತದೆ ಎಂದರು. ನಮ್ಮ ಅಂಗಡಿ ಲೈನಿನಲ್ಲಿ ಇದು ಎಷ್ಟು ಜನರಿಗೆ ಗೊತ್ತು? ನಾವೆಲ್ಲ ಐದು ಸಾವಿರ, ಹತ್ತು ಸಾವಿರ ಅಂತ ಬಿಡಿ ಬಿಡಿಯಾಗಿ ತೆಗೆದುಕೊಳ್ಳುತ್ತಲೇ ಇರುತ್ತೇವೆ, ಚೆಕ್ ಮಾತ್ರ ಪೂರ್ತಿ ಮೊತ್ತದ್ದು ಇಟ್ಟುಕೊಂಡಿರುತ್ತೇವೆ.

ಮುಂದಿನದು ತಾರೀಖಿನ ಪ್ರಕಾರವೇ ನಡೆಯಿತು. ಜುಲೈ 24ಕ್ಕೆ ಎರಡನೇ ಮೆಮೊ. 27ಕ್ಕೆ ರಿಜಿಸ್ಟರ್ ಅಂಚೆಯಲ್ಲಿ ನೋಟಿಸ್. 31ಕ್ಕೆ ಅವನ ಕೈಗೆ ಮುಟ್ಟಿದ್ದು ಅಂಚೆಯ ಹಳದಿ ಕಾರ್ಡಿನಲ್ಲಿ ಬಂತು. ನೋಟಿಸ್ ಮುಟ್ಟಿದ ಮೇಲೆ ಹಣ ಕೊಡಲು 15 ದಿನ, ಅಂದರೆ ಆಗಸ್ಟ್ 15. ಆಗಲೂ ಕೊಡದಿದ್ದರೆ ಅಲ್ಲಿಂದ ಒಂದು ತಿಂಗಳೊಳಗೆ ಕೋರ್ಟಿನಲ್ಲಿ ದೂರು. ನಾನು ಕೇಳಿದೆ, ಅವನು ವಿಜಯಪುರದವನು, ಕೇಸಿಗೆ ನಾನು ಅಲ್ಲಿಗೆ ಓಡಾಡಬೇಕಾ ಅಂತ. ಬೇಡ, ನಾನು ಚೆಕ್ ಹಾಕಿದ ನನ್ನ ಖಾತೆ ಯಾವ ಊರಿನ ಶಾಖೆಯಲ್ಲಿದೆಯೋ ಅಲ್ಲಿನ ಕೋರ್ಟು ಸಾಕು, 2015ರ ತಿದ್ದುಪಡಿಯಿಂದ ಹಾಗಾಗಿದೆ ಎಂದರು. ಅವನೇ ಇಲ್ಲಿಗೆ ಬರಬೇಕು. ಚೆಕ್ ಬೌನ್ಸಿಗೆ ಇರುವ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ ಕಲಂ 138ರಲ್ಲಿ 2 ವರ್ಷದವರೆಗೆ ಜೈಲು ಅಥವಾ ಚೆಕ್ ಮೊತ್ತದ ಎರಡು ಪಟ್ಟಿನವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಅದನ್ನು ನೋಟಿಸಿನಲ್ಲಿ ಜೋರಾಗಿ ಬರೆಯಿರಿ ಅಂದೆ. ಬರೆಯಲಿಲ್ಲ. "ನಮಗ ರೊಕ್ಕ ಬೇಕೋ, ಅವನ್ನ ಅಂಜಸೂದು ಬೇಕೋ?" ಅಂದರು. ನೋಟಿಸ್ ಒಂದೇ ಪುಟ, ಬೈಗುಳ ಒಂದೂ ಇಲ್ಲ. ನನಗೆ ಸಪ್ಪೆ ಅನಿಸಿತು.

ಆಗಸ್ಟ್ 13ಕ್ಕೆ ಅವನೇ ಅಂಗಡಿಗೆ ಬಂದು ಒಂದು ಲಕ್ಷ ಹಾಕಿದ, ಉಳಿದದ್ದು ದಸರಾಕ್ಕೆ ಅಂದ. ನಾನು ಖುಷಿಯಿಂದ ಆಗಲಿ ಅನ್ನುವವನಿದ್ದೆ. ಮೇಡಂ ಬಿಡಲಿಲ್ಲ. ದಸರಾ ಅಕ್ಟೋಬರಿನಲ್ಲಿ, ದೂರು ಕೊಡುವ ಅವಧಿ ಸೆಪ್ಟೆಂಬರ್ ಮಧ್ಯಕ್ಕೇ ಮುಗಿಯುತ್ತದೆ. ಅವನು ಲೆಕ್ಕ ಹಾಕಿಯೇ ಹೇಳಿದ್ದನೋ ಏನೋ ಗೊತ್ತಿಲ್ಲ. ದೂರಿನ ಕರಡು ಸಿದ್ಧವಿದೆ ಅಂತ ಒಂದು ಮಾತು ತಿಳಿಸಿದೆವು. ಗಣೇಶ ಚೌತಿ ಶನಿವಾರ ಇತ್ತು, ಸೋಮವಾರ ಸೆಪ್ಟೆಂಬರ್ 9ಕ್ಕೆ ಉಳಿದ 80,000 ಬಂತು. ಕೇಸ್ ಇಲ್ಲ. ಅವನು ಈಗಲೂ ನನ್ನ ಗಿರಾಕಿ. ಉದ್ರಿ ಮಾತ್ರ ಬಂದ್.

ಇಷ್ಟಕ್ಕೆ ಖರ್ಚು: ಎರಡು ಸಲದ ಸಲಹೆ ಅಂತ 1,000, ನೋಟಿಸಿಗೆ 1,500, ಅಂಚೆ ಬೇರೆ. ಕರಡು ದೂರಿಗೆ ಏನೂ ತೆಗೆದುಕೊಳ್ಳಲಿಲ್ಲ, ಹಾಕಲಿಲ್ಲವಲ್ಲ ಅಂದರು.

ಇನ್ನು ಹೊಲದ ವಿಷಯ. ಇದು ಸ್ವಲ್ಪ ಮನಸ್ಸಿಗೆ ಹತ್ತಿರದ್ದು, ಹೇಗೆ ಬರೆಯಲಿ ಅಂತ ಯೋಚಿಸಿದೆ.

ಅಪ್ಪ ತೀರಿಕೊಂಡು ಎರಡು ವರ್ಷ ದಾಟಿತ್ತು. ಬೀಳಗಿ ತಾಲೂಕಿನಲ್ಲಿ 4 ಎಕರೆ 20 ಗುಂಟೆ ಹೊಲ ಇನ್ನೂ ಅವರ ಹೆಸರಿನಲ್ಲೇ ಇತ್ತು. ನಾವು ಇಬ್ಬರು ಗಂಡುಮಕ್ಕಳು, ಒಬ್ಬ ಅಕ್ಕ, ಒಬ್ಬ ತಂಗಿ, ಮತ್ತೆ ಅವ್ವ. ತಮ್ಮನ ಲೆಕ್ಕ ಸರಳ: ಅಣ್ಣತಮ್ಮರ ಹೆಸರು ಉತಾರದಲ್ಲಿ (ಪಹಣಿಯಲ್ಲಿ) ಬರಲಿ, ಅಕ್ಕ ತಂಗಿ ಹತ್ತಿರ ನೂರು ರೂಪಾಯಿ ಬಾಂಡಿನ ಮೇಲೆ ನಮಗೆ ಪಾಲು ಬೇಡ ಅಂತ ಸಹಿ ಮಾಡಿಸೋಣ, ಮದುವೆಯಲ್ಲಿ ಬಂಗಾರ ಕೊಟ್ಟಿದ್ದೀವಲ್ಲ. ಬಾಂಡ್ ಬರೆಯುವವನು ಒಬ್ಬ ಅದಕ್ಕೆ ರೇಟನ್ನೂ ಹೇಳಿದ್ದ. ನಾನು, ತಮ್ಮ, ಅವ್ವ ಮೂವರೂ ಹೋದೆವು. ಅವ್ವನನ್ನು ಆ ಹದಿನೆಂಟು ಮೆಟ್ಟಿಲು ಹತ್ತಿಸುವಷ್ಟರಲ್ಲಿ ನಮ್ಮ ಟೋಕನ್ ದಾಟಿಹೋಗಿತ್ತು.

ಮೇಡಂ ಒಂದು ಹಾಳೆ ತೆಗೆದು ವಂಶಾವಳಿ ಬರೆದರು. ಮೇಲೆ ಅಪ್ಪನ ಚೌಕ, ಪಕ್ಕದಲ್ಲಿ ಅವ್ವನದು, ಕೆಳಗೆ ನಾಲ್ಕು. "ಹೊಲ ನಿಮ್ಮಪ್ಪಾರು ತಾವ ತೊಗೊಂಡದ್ದೋ, ಅವರ ಅಪ್ಪನಿಂದ ಬಂದದ್ದೋ?" ನಮಗೆ ಅದೇ ಸರಿಯಾಗಿ ಗೊತ್ತಿರಲಿಲ್ಲ. ತಮ್ಮ ಪಿತ್ರಾರ್ಜಿತ ಅಂದ, ನಾನು ಅರ್ಧ ಅಪ್ಪನೇ ಖರೀದಿ ಮಾಡಿದ್ದು ಅಂದೆ. ಅವರು ಎರಡೂ ರೀತಿ ಲೆಕ್ಕ ಹಾಕಿ ತೋರಿಸಿದರು. ಸ್ವಂತ ಗಳಿಕೆಯಾದರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರೂ ಸಮ. ಐದು ಜನ, ಐದು ಪಾಲು. ಪಿತ್ರಾರ್ಜಿತವಾದರೆ ಅಪ್ಪ ಬದುಕಿದ್ದಾಗಲೇ ಪಾಲಾಗಿದೆ ಅಂತ ತಿಳಿದು ಆರು ಭಾಗ, ಅದರಲ್ಲಿ ಅಪ್ಪನ ಒಂದು ಭಾಗ ಮತ್ತೆ ಉಳಿದ ಐವರಿಗೆ ಹಂಚಿಕೆ. ಆರರಲ್ಲಿ ಒಂದು, ಮೇಲೆ ಮೂವತ್ತರಲ್ಲಿ ಒಂದು. ಕೂಡಿಸಿದರೆ ಮತ್ತೆ ಐದರಲ್ಲಿ ಒಂದೇ ಬರುತ್ತದೆ! ನಾಲ್ಕು ಎಕರೆ ಇಪ್ಪತ್ತು ಗುಂಟೆ ಅಂದರೆ 180 ಗುಂಟೆ, ಪ್ರತಿಯೊಬ್ಬರಿಗೂ 36 ಗುಂಟೆ. "ನಿಮ್ಮ ಮನಿ ಲೆಕ್ಕ ಹೆಂಗ ಹಾಕಿದ್ರೂ ಇಷ್ಟ ಬರ್ತೈತಿ, ಜಗಳ ಆಡಾಕ ಜಾಗಾನ ಇಲ್ಲ" ಅಂತ ನಕ್ಕರು. ತಮ್ಮ ನಗಲಿಲ್ಲ.

ಅಷ್ಟು ಹೊತ್ತು ಸುಮ್ನೆ ಕುಳಿತಿದ್ದ ಅವ್ವ ಹಾಳೆಯನ್ನು ತನ್ನ ಕಡೆ ಎಳೆದುಕೊಂಡಳು. ಅವಳಿಗೆ ಓದಲು ಬರುವುದಿಲ್ಲ. ಚೌಕಗಳ ಮೇಲೆ ಬೆರಳಿಟ್ಟು, "ಇದು ನಾನೇನ್ರಿ?" ಅಂದಳು. ಹೌದು ಅಂದರು. "ನನಗೂ ಮೂವತ್ತಾರ ಗುಂಟೇನ?" ಹೌದು, ಅದು ಪೂರ್ತಿ ನಿಮ್ಮದೇ, ಮಾರಿದರೂ ಕೊಟ್ಟರೂ ನಿಮ್ಮಿಷ್ಟ. ಅವ್ವ ಆ ಚೌಕದ ಮೇಲಿಂದ ಬೆರಳು ತೆಗೆಯಲೇ ಇಲ್ಲ. ಅಕ್ಕ ತಂಗಿ ಪಾಲಿನ ಬಗ್ಗೆ ನಾವು ಇಷ್ಟು ದಿನ ಜಗಳಾಡಿದ್ದೆವು, ಅವ್ವನದೊಂದು ಪಾಲಿದೆ ಅನ್ನೋದು ಇಬ್ಬರ ತಲೆಗೂ ಬಂದಿರಲಿಲ್ಲ. ನಾಚಿಕೆಯಾಯಿತು.

ತಮ್ಮ ಬಿಡಲಿಲ್ಲ. ಅಕ್ಕನ ಮದುವೆ 1996ರಲ್ಲಿ ಆಗಿದೆ, 2005ರ ಕಾಯ್ದೆ ಆಮೇಲೆ ಬಂದದ್ದು, ಅವಳಿಗೆ ಹೇಗೆ ಹತ್ತುತ್ತದೆ ಅಂದ. ಹೆಣ್ಣುಮಗಳಿಗೆ ಹಕ್ಕು ಬರುವುದು ಹುಟ್ಟಿನಿಂದ, ಮದುವೆ ಯಾವಾಗ ಆಯ್ತು ಅನ್ನೋದು ಲೆಕ್ಕಕ್ಕಿಲ್ಲ, ತಿದ್ದುಪಡಿ ಜಾರಿಯಾದ 9 ಸೆಪ್ಟೆಂಬರ್ 2005ಕ್ಕೆ ಅಪ್ಪ ಬದುಕಿರಬೇಕು ಅಂತಲೂ ಇಲ್ಲ, ಇದನ್ನು ಸುಪ್ರೀಂ ಕೋರ್ಟ್ ವಿನೀತಾ ಶರ್ಮಾ ಪ್ರಕರಣದಲ್ಲಿ 11 ಆಗಸ್ಟ್ 2020ರಂದು ತೀರ್ಮಾನ ಮಾಡಿ ಆಗಿದೆ ಎಂದರು. 20 ಡಿಸೆಂಬರ್ 2004ಕ್ಕಿಂತ ಮೊದಲೇ ರಿಜಿಸ್ಟರ್ ಆದ ಅಥವಾ ಕೋರ್ಟ್ ಡಿಕ್ರಿಯಿಂದ ಆದ ವಾಟ್ನಿ, ಅಂದರೆ ಆಸ್ತಿ ಹಂಚಿಕೆ, ಇದ್ದರೆ ಮಾತ್ರ ಬೇರೆ ಮಾತು. ನಮ್ಮಲ್ಲಿ ವಾಟ್ನಿಯೇ ಆಗಿಲ್ಲ. ಇನ್ನು ನೂರು ರೂಪಾಯಿ ಬಾಂಡು? "ಆ ಕಾಗದದಾಗ ಮಂಡಕ್ಕಿ ಕಟ್ಟಾಕ ಬರ್ತೈತಿ." ಹಕ್ಕು ಬಿಟ್ಟುಕೊಡುವುದಾದರೆ ಅವರು ತಾವಾಗೇ ಸಬ್ ರಿಜಿಸ್ಟ್ರಾರ್ ಕಚೇರಿಗೆ ಬಂದು ಹಕ್ಕು ಬಿಡುಗಡೆ ಪತ್ರ ನೋಂದಣಿ ಮಾಡಿಸಬೇಕು. ಅದೂ ಅವರನ್ನು ನಾನೇ ಒಬ್ಬೊಬ್ಬರನ್ನಾಗಿ ಕೇಳಿದ ಮೇಲೆ ಬರೆದುಕೊಡುತ್ತೇನೆ ಅಂದರು. ಇದು ತಮ್ಮನಿಗೆ ಹಿಡಿಸಲಿಲ್ಲ. ವಾಪಸ್ ಬರುವಾಗ ಬೈಕಿನಲ್ಲಿ ಹಳೇ ಊರು ಮುಟ್ಟುವ ತನಕ ಒಂದು ಮಾತಾಡಲಿಲ್ಲ.

ಕೊನೆಗೆ ಮಾಡಿದ್ದು ಇಷ್ಟು: ಮರಣ ಪ್ರಮಾಣಪತ್ರ, ವಂಶಾವಳಿ ಇಟ್ಟು ನಾಡಕಚೇರಿಯಲ್ಲಿ ಪೌತಿ ವಾರಸಾ ಅರ್ಜಿ (ಸತ್ತವರ ಬದಲು ವಾರಸುದಾರರ ಹೆಸರು ಹಾಕಿಸುವುದು), ಐದೂ ಜನರ ಹೆಸರಿನಲ್ಲಿ. ನಮ್ಮ ಅರ್ಜಿ ಒಂದು ಮೇಜಿನಲ್ಲಿ ಸುಮ್ನೆ ಮಲಗಿಬಿಟ್ಟಿತ್ತು. ಮೇಡಂ ಹೇಳಿದಂತೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ, ನನ್ನ ಅರ್ಜಿ ಈಗ ಯಾವ ಹಂತದಲ್ಲಿದೆ ಅಂತ ಒಂದು ಸಾಲು ಕೇಳಿದೆ. ಉತ್ತರ ಕೊಡಲು ಅವರಿಗೆ 30 ದಿನ ಇರುತ್ತದೆ. ಉತ್ತರ ಬರುವುದಕ್ಕೆ ಮೊದಲೇ ಕೆಲಸ ಆಗಿತ್ತು. ಈಗ ಉತಾರದಲ್ಲಿ ಐದು ಹೆಸರಿವೆ. ವಾಟ್ನಿ ಇನ್ನೂ ಆಗಿಲ್ಲ, ಆಗುವಾಗ ಮತ್ತೆ ಮಾತು ಬೆಳೆಯುತ್ತದೆ, ಅದು ನನಗೂ ಗೊತ್ತು. ಉತಾರದಲ್ಲಿ ಹೆಸರು ಬಂದ ಮಾತ್ರಕ್ಕೆ ಮಾಲಕಿ ಅಲ್ಲ, ಅದು ಕಂದಾಯದ ಲೆಕ್ಕಕ್ಕೆ ಅಂತಲೂ ಅವರು ಎರಡೆರಡು ಸಲ ಹೇಳಿ ಕಳಿಸಿದ್ದಾರೆ.

ಇಲ್ಲಿ ಒಂದು ದೊಡ್ಡ ದೂರು ಹೇಳಲೇಬೇಕು. ಒಳಗಿನ ಬಾಗಿಲನ್ನು ಗಾಳಿಗೆ ಅಂತ ಇಟ್ಟಿಗೆ ಇಟ್ಟು ತೆರೆದೇ ಇಡುತ್ತಾರೆ. ಒಳಗಿನ ಮಾತೆಲ್ಲ ಹೊರಗಿನ ಆರು ಕುರ್ಚಿಗೂ ಕೇಳುತ್ತದೆ. ನಾನು ಕಾಯುತ್ತಾ ಕುಳಿತು ಇನ್ನೊಬ್ಬರ ಪ್ಲಾಟಿನ ಕಥೆಯನ್ನು ಪೂರ್ತಿ ಕೇಳಿದೆ. ಅವರು ಯಾರಿಂದಲೋ ಬಾಂಡ್ ಪೇಪರ್ ಮತ್ತು ಜನರಲ್ ಪವರ್ (ಮಾಲಕನ ಪರವಾಗಿ ವ್ಯವಹರಿಸುವ ಅಧಿಕಾರ ಪತ್ರ) ಮೇಲೆ ಪ್ಲಾಟ್ ತೊಗೊಂಡಿದ್ದರು. ಖರೀದಿ ಪತ್ರ ರಿಜಿಸ್ಟರ್ ಆಗದೆ ಮಾಲಕತ್ವ ಬರುವುದಿಲ್ಲ, ಜನರಲ್ ಪವರ್ ಮೇಲಿನ ವ್ಯಾಪಾರ ವ್ಯಾಪಾರವೇ ಅಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲಿ ಹೇಳಿದೆ, ಇಸಾರ ಪತ್ರದ (ಮುಂಗಡ ಕೊಟ್ಟು ಮಾಡಿಕೊಂಡ ಖರೀದಿ ಕರಾರು) ಮೇಲೆ ಖರೀದಿ ಮಾಡಿಕೊಡು ಅಂತ ದಾವೆ ಹಾಕಲು 3 ವರ್ಷವಷ್ಟೇ ಅವಕಾಶ, ನಿಮ್ಮ ಇಸಾರ ಪತ್ರದ ತಾರೀಖು ಎಷ್ಟು... ಎಲ್ಲ ಕೇಳಿಸಿತು. ನನಗೆ ಉಪಯೋಗವಾಯಿತು, ನಿಜ. ಆದರೆ ನನ್ನ 1,80,000ದ ಕಥೆಯನ್ನೂ ಯಾರೋ ಹೀಗೇ ಕುಳಿತು ಕೇಳಿರುತ್ತಾರೆ ಅಲ್ವಾ? ವಕೀಲರಾಗಿ ಇದನ್ನು ಗಮನಿಸಬೇಕಿತ್ತು. ನಾನು ನೇರವಾಗಿಯೇ ಹೇಳಿದೆ. "ಕೂಲರ್ ತರಸ್ತೀನಿ" ಅಂದರು. ಇನ್ನೂ ತಂದಿಲ್ಲ.

ಹಾಗೆ ಕೇಳಿಸಿದ್ದರಲ್ಲೇ ಇನ್ನೊಂದು. ಗಂಡ ಬಿಟ್ಟುಹೋದ ಒಬ್ಬ ಹೆಣ್ಣುಮಗಳು, ಜೀವನಾಂಶದ ವಿಷಯ. ಐನೂರರ ನೋಟು ಕೈಯಲ್ಲೇ ಮುದ್ದೆಯಾಗಿತ್ತು. ಮೇಡಂ ಅದನ್ನು ಮುಟ್ಟಲಿಲ್ಲ. ಕೋರ್ಟ್ ಆವರಣದಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಇದೆ, 1987ರ ಕಾಯ್ದೆಯಂತೆ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಸರ್ಕಾರದ ಖರ್ಚಿನಲ್ಲಿ ವಕೀಲರು ಸಿಗುತ್ತಾರೆ, ಪರಿಶಿಷ್ಟ ಜಾತಿ, ಪಂಗಡದವರಿಗೆ, ಅಂಗವಿಕಲರಿಗೆ, ಮಕ್ಕಳಿಗೆ ಕೂಡ ಇದೆ, ಗೊತ್ತಾಗದಿದ್ದರೆ 15100ಕ್ಕೆ ಫೋನ್ ಮಾಡಿ ಅಂತ ಚೀಟಿಯಲ್ಲಿ ಬರೆದುಕೊಟ್ಟರು. ಆಮೇಲೆ ನಾನು ಕೇಳಿದೆ, ಬಂದ ಗಿರಾಕಿಯನ್ನು ಕಳಿಸಿಬಿಟ್ಟರಲ್ಲ ಅಂತ. ಅವರಿಗೆ ನನ್ನ ಪ್ರಶ್ನೆ ಇಷ್ಟವಾಗಲಿಲ್ಲ, ಟೈಮರ್ ತೋರಿಸಿದರು.

ಮೂರನೇ ಕೆಲಸ ಚಿಲ್ಲರೆ ವಿಷಯದ್ದು. ಇನ್ವರ್ಟರ್ ಬ್ಯಾಟರಿ, ವಾರಂಟಿ ಒಳಗೇ ಕೆಟ್ಟಿತ್ತು, ಅಂಗಡಿಯವರು ಕೈ ಎತ್ತಿದ್ದರು. ಇದಕ್ಕೆ ವಕೀಲರೇ ಬೇಡ ಅಂದರು. ಜಿಲ್ಲಾ ಗ್ರಾಹಕರ ಆಯೋಗದಲ್ಲಿ ನೀವೇ ದೂರು ಕೊಡಬಹುದು, ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ, 2 ವರ್ಷದ ಅವಧಿ ಇದೆ, ಅದಕ್ಕೂ ಮೊದಲು ಬಿಲ್ಲಿನ ಪ್ರತಿ ಇಟ್ಟು ಒಂದು ಕಾಗದ ಬರೆಯಿರಿ. ಕಾಗದ ಬರೆದೆ. ಬ್ಯಾಟರಿ ಬದಲಾಯಿತು. ಐನೂರು ರೂಪಾಯಿ ಇದಕ್ಕೆ ಜಾಸ್ತಿಯೇ ಆಯ್ತು, ಐದು ನಿಮಿಷದಲ್ಲಿ ಮುಗಿದ ಮಾತಿಗೂ ಅವರು ಪೂರ್ತಿ ತೆಗೆದುಕೊಳ್ಳುತ್ತಾರೆ.

ಬೇರೆ ಕೊರತೆಗಳೂ ಇವೆ. ಫೋನ್ ಎತ್ತುವುದಿಲ್ಲ, ವಾಟ್ಸಾಪಿನಲ್ಲಿ ಸಲಹೆ ಕೇಳಿದರೆ ನೋಡಿ ಸುಮ್ಮನಿರುತ್ತಾರೆ. ಭಾನುವಾರ ಒಂದೂವರೆ ತಾಸು ಕಾಯುವುದು ಗ್ಯಾರಂಟಿ. ರಸೀದಿ ಕೇಳಿದರಷ್ಟೇ ಕೊಡುತ್ತಾರೆ. ನನ್ನ ನೋಟಿಸಿನ ಕರಡಿನಲ್ಲಿ ಜೂನಿಯರ್ ಹುಡುಗ ನಮ್ಮಪ್ಪನ ಹೆಸರನ್ನೇ ತಪ್ಪು ಹಾಕಿದ್ದ, ನಾನು ಓದಿದ್ದಕ್ಕೆ ಸಿಕ್ಕಿತು. ಮೇಡಂ ಸಹಿಗೆ ಮೊದಲು ನೋಡುತ್ತಿದ್ದರೋ ಇಲ್ಲವೋ, ನಾನಂತೂ ಅಂದಿನಿಂದ ಪ್ರತಿ ಅಕ್ಷರ ಓದುತ್ತೇನೆ. ಪೊಲೀಸ್ ಕೇಸು ಮುಟ್ಟುವುದಿಲ್ಲ. ಆಲಮಟ್ಟಿ ಹಿನ್ನೀರಿನಲ್ಲಿ ಹೋದ ಜಮೀನಿನ ಪರಿಹಾರದ ಕೇಸುಗಳನ್ನೂ ತೆಗೆದುಕೊಳ್ಳುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ಮನೆಗೊಂದು ಅಂಥ ಫೈಲು ಇರುವಾಗ ಇದು ದೊಡ್ಡ ಕೊರತೆಯೇ. ಅದಕ್ಕೆ ಬೇರೆಯವರಿದ್ದಾರೆ, ಅವರ ಹತ್ತಿರ ಹೋಗಿ ಅನ್ನುತ್ತಾರೆ. ಮತ್ತೆ, ಗೆಲ್ಲುತ್ತೇವಾ ಅಂತ ಕೇಳಿದರೆ ಹೌದು ಅನ್ನುವುದೇ ಇಲ್ಲ. ಧೈರ್ಯದ ಮಾತು ಬೇಕಾದವರಿಗೆ ಈ ಕಚೇರಿ ಆಗಿಬರುವುದಿಲ್ಲ.

ನಾಲ್ಕನೇ ಕೆಲಸಕ್ಕೆ ನನ್ನನ್ನು ಕರೆದುಕೊಂಡು ಹೋದವಳು ಅವ್ವ. ಮೃತ್ಯುಪತ್ರ ಬರೆಸಬೇಕು ಅಂದಳು. ಯಾರಿಗೆ ಅಂತ ಹೇಳಲಿಲ್ಲ. ಪಕ್ಕದ ಮನೆಯ ಇಬ್ಬರನ್ನು ತಾನೇ ಮಾತಾಡಿಸಿ ಸಾಕ್ಷಿಗೆ ಕರೆತಂದಿದ್ದಳು, ಇಬ್ಬರೂ ಅವಳಿಗಿಂತ ಚಿಕ್ಕವರು, ಅದನ್ನೂ ಎಲ್ಲಿ ಕೇಳಿಕೊಂಡಿದ್ದಳೋ. ಮೃತ್ಯುಪತ್ರಕ್ಕೆ ಸ್ಟಾಂಪ್ ಬೇಡ, ಬಿಳಿ ಹಾಳೆ ಸಾಕು, ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಒಳ್ಳೆಯದು. ಕನಿಷ್ಠ ಇಬ್ಬರು ಸಾಕ್ಷಿ ಮಾತ್ರ ಬೇಕೇ ಬೇಕು, ಅವರು ಅವ್ವ ಹೆಬ್ಬೆಟ್ಟು ಒತ್ತುವುದನ್ನು ಕಣ್ಣಾರೆ ನೋಡಿ, ಅವಳ ಮುಂದೆಯೇ ಸಹಿ ಹಾಕಬೇಕು. ಮನಸ್ಸು ಬದಲಾದರೆ ಮತ್ತೆ ಬರೆಸಬಹುದು, ಕೊನೆಯದು ನಡೆಯುತ್ತದೆ. ಇಷ್ಟನ್ನು ನಮ್ಮಿಬ್ಬರ ಮುಂದೆ ಹೇಳಿ ಮೇಡಂ ನನ್ನ ಕಡೆ ನೋಡಿದರು. "ಇನ್ನ ನೀವು ಹೊರಗ ಕುಂದರ್ರಿ." ಮಗ ಒಳಗಿದ್ದರೆ ನಾಳೆ ಕೋರ್ಟಿನಲ್ಲಿ ಅವನೇ ಹೇಳಿ ಬರೆಸಿದ ಅನ್ನುತ್ತಾರಂತೆ. ಆ ದಿನ ಮಾತ್ರ ಜೂನಿಯರ್ ಹುಡುಗ ಇಟ್ಟಿಗೆ ತೆಗೆದು ಬಾಗಿಲು ಹಾಕಿದ. ಒಂದಕ್ಷರ ಕೇಳಿಸಲಿಲ್ಲ.

ಒಳಗೆ ಟೈಮರ್ ಒಂದು ಸಲ ಹೊಡೆದುಕೊಂಡಿತು, ಮತ್ತೆ ತಿರುಗಿಸಿದರು ಅಂತ ಕಾಣುತ್ತದೆ. ಮುಕ್ಕಾಲು ತಾಸಿನ ಮೇಲೆ ಅವ್ವ ಸೀರೆ ಸೆರಗಿನಿಂದ ಹೆಬ್ಬೆಟ್ಟಿನ ಮಸಿ ಒರೆಸಿಕೊಳ್ಳುತ್ತಾ ಹೊರಗೆ ಬಂದಳು. ಮೆಟ್ಟಿಲು ಇಳಿಯುವಾಗ ಏನು ಬರೆಸಿದಿ ಅಂತ ಕೇಳಿದೆ. "ಕೈ ಹಿಡಕೊ ಮೊದಲ, ಬಿದ್ದಗಿದ್ದೇನು" ಅಂದಳು.

ಹೋಗುವವರಿಗೆ: ಸಂಜೆ ಆರರ ಮೇಲೆ ಮತ್ತು ಭಾನುವಾರ ಬೆಳಿಗ್ಗೆ ಇರುತ್ತಾರೆ. ಭಾನುವಾರದ ಟೋಕನ್ ಒಂಬತ್ತಕ್ಕೇ ಮುಗಿಯುತ್ತದೆ. ಮೂಲ ಕಾಗದ ಕೊಡಬೇಡಿ, ಅವರೂ ಇಟ್ಟುಕೊಳ್ಳುವುದಿಲ್ಲ, ಜೆರಾಕ್ಸ್ ಸಾಕು. ತಾರೀಖಿನ ಹಾಳೆಯನ್ನು ಮನೆಯಲ್ಲೇ ಬರೆದುಕೊಂಡು ಹೋದರೆ ಹೊರಗಿನ ಅರ್ಧ ತಾಸು ಉಳಿಯುತ್ತದೆ. ಮಂಡಿ ನೋವಿನವರನ್ನು ಕರೆದೊಯ್ಯುವುದಾದರೆ ಕೆಳಗಿನಿಂದಲೇ ಹುಡುಗನನ್ನು ಕೂಗಿ, ಅವನು ಒಂದು ಕುರ್ಚಿ ತಂದು ಕೆಳಗೇ ಹಾಕುತ್ತಾನೆ, ಮೇಡಂ ಇಳಿದು ಬರುತ್ತಾರೆ. ಇದು ನನಗೆ ಗೊತ್ತಾದದ್ದು ಅವ್ವನನ್ನು ಎರಡು ಸಲ ಹತ್ತಿಸಿ ಇಳಿಸಿದ ಮೇಲೆ.